ಆ ಟವೆಲ್ ಕೆಳಗೆ ಬಿದ್ದ ಕ್ಷಣ

ಮಂಡಿ ಆಪರೇಷನ್ ಆದಾಗಿನಿಂದ ನಾನು ಬೆಳಿಗ್ಗೆ ಈಜಲು ಹೋಗುತ್ತಿರುವುದು ನಿಮಗೆಲ್ಲ ಗೊತ್ತೇ ಇದೆ. ಇವತ್ತು ಅಲ್ಲಿ ಬಟ್ಟೆ ಬದಲಿಸುವ ಕೋಣೆಯಲ್ಲಿ ಕಂಡಿದ್ದು ತಲೆಯಿಂದ ಹೋಗುತ್ತಲೇ ಇಲ್ಲ. ಬರೆದುಬಿಡುತ್ತೇನೆ.

ಹದಿನೈದು ಹದಿನಾರರ ಹುಡುಗಿ. ಹೊಸಬಳು. ಈಜುಡುಗೆಯ ಮೇಲೆ ಟವೆಲ್ ಸುತ್ತಿಕೊಂಡು ಮೂಲೆಯಲ್ಲಿ ನಿಂತಿದ್ದಳು. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು, ಕದಲಲಿಲ್ಲ. ಟವೆಲಿನ ಗಂಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಆ ಹಿಡಿತ ನನಗೆ ಚೆನ್ನಾಗಿ ಗೊತ್ತು. ಅವಳ ವಯಸ್ಸಿನಲ್ಲಿ ನಾನು ಪುಸ್ತಕಗಳನ್ನು ಎದೆಗೆ ಒತ್ತಿಕೊಂಡೇ ಓಡಾಡುತ್ತಿದ್ದೆ.

ಅಲ್ಲಿಗೆ ದಿನಾ ಬರುವ ಒಬ್ಬ ಹಿರಿಯ ಹೆಂಗಸಿದ್ದಾರೆ. ಅರವತ್ತು ದಾಟಿರಬೇಕು. ಕ್ಯಾನ್ಸರ್ ಬಂದು ಒಂದು ಸ್ತನ ತೆಗೆಸಿದ್ದಾರೆ. ಆ ಗುರುತನ್ನು ಅವರು ಮುಚ್ಚಿಕೊಳ್ಳುವುದೂ ಇಲ್ಲ, ತೋರಿಸಿಕೊಳ್ಳುವುದೂ ಇಲ್ಲ. ಸುಮ್ನೆ ಬಟ್ಟೆ ಬದಲಿಸುತ್ತಾರೆ. ಅವರು ಹುಡುಗಿಯನ್ನು ನೋಡಿದರು. ನೀನು ಚೆನ್ನಾಗಿದ್ದೀಯ ಅನ್ನಲಿಲ್ಲ. ನಾಚಿಕೆ ಯಾಕೆ ಅಂತಲೂ ಕೇಳಲಿಲ್ಲ. ಬೆನ್ನು ತಿರುಗಿಸಿ ನಿಂತು, "ಪುಟ್ಟಿ, ಈ ಜಿಪ್ ಒಂಚೂರು ಏರಿಸ್ತೀಯಾ? ಆಪರೇಷನ್ ಆದ್ಮೇಲೆ ಈ ಕೈ ಹಿಂದಕ್ಕೆ ಹೋಗಲ್ಲ" ಅಂದರು.

ಜಿಪ್ ಏರಿಸಲು ಎರಡು ಕೈ ಬೇಕು. ಹುಡುಗಿ ಗಂಟು ಬಿಟ್ಟಳು. ಟವೆಲ್ ಜಾರಿ ಕೆಳಗೆ ಬಿತ್ತು.

"ಮೊದಲು ಈ ಕೈಗೆ ದಿನಾ ಬೈತಿದ್ದೆ. ಈಗ ನೀರಲ್ಲಿ ನನ್ನನ್ನ ಮುಂದಕ್ಕೆ ಎಳ್ಕೊಂಡು ಹೋಗತ್ತಲ್ಲ, ಪಾಪ, ಅದರ ಕೈಲಾದಷ್ಟು ಮಾಡತ್ತೆ ಅನ್ಸತ್ತೆ. ಬಾ ಹೋಗೋಣ" ಅಂದರು. ಇಬ್ಬರೂ ಹೊರಟೇ ಹೋದರು. ನಾನು ಆ ಟವೆಲ್ ಎತ್ತಿ ಗೂಟಕ್ಕೆ ಹಾಕಿದೆ. ಕಣ್ಣು ತುಂಬಿ ಬಂದಿತ್ತು.

ಆದರೆ ಹೊರಗೆ ಬಂದರೆ ಬೆಂಚಿನ ಮೇಲೆ ಇನ್ನೊಬ್ಬರು ಕೂತಿದ್ದರು. ಹುಡುಗಿ ನೀರಿಗಿಳಿಯುವುದನ್ನು ನೋಡಿ, ಅವಳಿಗೆ ಕೇಳುವ ಹಾಗೆಯೇ, "ದಿನಾ ಬಾಮ್ಮ, ಮೂರು ತಿಂಗಳಲ್ಲಿ ಎಲ್ಲಾ ಕರಗತ್ತೆ" ಅಂದರು. ಪ್ರೋತ್ಸಾಹ ಅಂತಲೇ ಹೇಳಿದ್ದು. ನನಗೆ ಮೈಯೆಲ್ಲ ಉರಿಯಿತು. ಕರಗಿಸಿಕೊಳ್ಳಲು ಬಂದಿದ್ದೇನೆ ಅಂತ ಆ ಮಗು ಹೇಳಿತ್ತಾ? ಈಜು ಕಲಿಯಲು ಬಂದಿರಬಾರದಾ? ಗುರುತಿಲ್ಲ ಪರಿಚಯವಿಲ್ಲ, ಅವಳ ಮೈಗೆ ಮಾರ್ಕ್ಸ್ ಹಾಕಲು ಇವರ್ಯಾರು?

ನನ್ನ ಸಿಟ್ಟೆಲ್ಲ ಈ ಮಾರ್ಕ್ಸ್ ಹಾಕುವುದರ ಮೇಲೇ. ಬೈದು ಹಾಕಿದರೂ ಅದೇ, ಹೊಗಳಿ ಹಾಕಿದರೂ ಅದೇ. "ನೀವು ದಪ್ಪ ಇದ್ರೂ ಮುಖದಲ್ಲಿ ಕಳೆ ಇದೆ" ಅಂತ ದಾರಿಯಲ್ಲಿ ಒಬ್ಬರು ಅಂದಿದ್ದರು ನನಗೆ. ಆ "ಇದ್ರೂ" ಅನ್ನೋ ಮಾತು ಇಪ್ಪತ್ತು ವರ್ಷವಾದರೂ ಹೋಗಿಲ್ಲ.

2015ರಲ್ಲಿ ಲಂಡನ್ನಿನ ಪಿಕಡಿಲಿ ಸರ್ಕಸ್‌ನಲ್ಲಿ ಜೇ ವೆಸ್ಟ್ ಎಂಬ ಯುವತಿ ಒಳಉಡುಪಿನಲ್ಲಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದರು. ಕೈಯಲ್ಲಿ ಪೆನ್ನುಗಳು. ತಮ್ಮನ್ನು ತಾವು ಒಪ್ಪಿಕೊಳ್ಳುವುದಕ್ಕೆ ಬೆಂಬಲವಿದ್ದವರು ನನ್ನ ಮೈ ಮೇಲೊಂದು ಹೃದಯ ಬರೆಯಿರಿ ಅಂತ ಫಲಕ ಇಟ್ಟಿದ್ದರು. ಅಪರಿಚಿತರು ಬಂದು ಬರೆದರು. ಅದೇ ವರ್ಷ ಅಮೆರಿಕದ ಬಾಯ್ಸಿಯಲ್ಲಿ ಏಮಿ ಪೆನ್ಸ್ ಬ್ರೌನ್ ಕೂಡ ಹೀಗೇ ನಿಂತರು. ಆಗ ನನಗೆ ಇದೆಲ್ಲ ಅತಿಯಾಯಿತು ಅನ್ನಿಸಿತ್ತು. ಇವತ್ತು ಹಾಗನ್ನಿಸುವುದಿಲ್ಲ. ಅವರಿಬ್ಬರೂ ಯಾರ ಮೈಯನ್ನೂ ಅಳೆಯಲಿಲ್ಲ, ತಮ್ಮ ಮೈಯನ್ನೇ ಮುಂದಿಟ್ಟರು. ನಮ್ಮ ಈಜುಕೊಳದ ಅಮ್ಮ ಮಾಡಿದ್ದೂ ಅದನ್ನೇ ಅಲ್ವಾ? ಬೆನ್ನು ಕೊಟ್ಟರು, ಸಹಾಯ ಕೇಳಿದರು. ಅಷ್ಟೇ.

"ಹಾಗಾದ್ರೆ ಆರೋಗ್ಯ ಬೇಡ್ವಾ?" ಅಂತ ಯಾರಾದರೂ ಕೇಳೇ ಕೇಳುತ್ತೀರಿ. ಬೇಕು. ಆದರೆ ಚುಚ್ಚು ಮಾತಿನಿಂದ ಅದು ಬರುವುದಿಲ್ಲ. ಅಮೆರಿಕದಲ್ಲಿ 6,000ಕ್ಕೂ ಹೆಚ್ಚು ಜನರನ್ನು 2006ರಲ್ಲೊಮ್ಮೆ, 2010ರಲ್ಲೊಮ್ಮೆ ಪರೀಕ್ಷಿಸಿ ನೋಡಿದ್ದಾರೆ. ತೂಕದ ಕಾರಣಕ್ಕೆ ಕೀಳಾಗಿ ನೋಡಿಸಿಕೊಂಡವರಿಗೆ ಹೊಸದಾಗಿ ಬೊಜ್ಜು ಬರುವ ಸಾಧ್ಯತೆ ಸುಮಾರು ಎರಡೂವರೆ ಪಟ್ಟು ಜಾಸ್ತಿ ಇತ್ತು. ಬೆಂಚಿನ ಮೇಲೆ ಕೂತು ಮಾತಾಡುವವರು ಡಾಕ್ಟರೂ ಅಲ್ಲ. ಅವಳ ರಕ್ತ, ಅವಳ ಥೈರಾಯ್ಡು, ಅವಳ ನಿದ್ದೆ ಯಾವುದೂ ಅವರಿಗೆ ಗೊತ್ತಿಲ್ಲ.

ಹೆಣ್ಣುಮಕ್ಕಳಿಗೆ ಈ ಸಂಕಟ ಹುಟ್ಟಿನಿಂದ ಬರುವುದಿಲ್ಲ. ಫಿಜಿ ದೇಶದ ನಾಡ್ರೋಗಾದಲ್ಲಿ ತುಂಬಿದ ಮೈಯನ್ನೇ ಚೆಂದ ಅನ್ನುತ್ತಿದ್ದರು. ಅಲ್ಲಿಗೆ 1995ರಲ್ಲಿ ಟಿವಿ ಬಂತು. ತೂಕಕ್ಕಾಗಿ ತಿಂದಿದ್ದನ್ನು ಬೇಕೆಂದೇ ವಾಂತಿ ಮಾಡುತ್ತೇವೆ ಅಂತ ಆಗ ಶಾಲೆಯ ಹುಡುಗಿಯರಲ್ಲಿ ಒಬ್ಬಳೂ ಹೇಳಿರಲಿಲ್ಲ. 1998ರಲ್ಲಿ ಸಂಶೋಧಕಿ ಆನ್ ಬೆಕರ್ ಮತ್ತೆ ಹೋಗಿ ಕೇಳಿದಾಗ ನೂರಕ್ಕೆ 11 ಹುಡುಗಿಯರು ಹೌದು ಅಂದರು. ಬರೀ ಮೂರು ವರ್ಷ! ಪರದೆ ಮೇಲಿನ ಅಪರಿಚಿತರೇ ಇಷ್ಟು ಮಾಡಬಲ್ಲರು ಅಂದರೆ ಎದುರಿಗೆ ನಿಂತ ಅಪರಿಚಿತರ ಮಾತು ಎಷ್ಟು ಆಳಕ್ಕೆ ಇಳಿಯುತ್ತದೆ ಯೋಚನೆ ಮಾಡಿ. ಒಳ್ಳೆಯ ಮಾತೂ ಅಷ್ಟೇ ಆಳಕ್ಕೆ ಇಳಿಯುತ್ತದೆ. ಅದನ್ನೇ ನಾನು ಬೆಳಿಗ್ಗೆ ಕಣ್ಣಾರೆ ಕಂಡಿದ್ದು.

ಇಷ್ಟೆಲ್ಲ ಹೇಳುವ ನಾನೂ ತಪ್ಪು ಮಾಡಿದ್ದೇನೆ. ಒಂಬತ್ತು ವರ್ಷದ ಹಿಂದೆ ಒಂದು ಮದುವೆಯಲ್ಲಿ ಚಿಕ್ಕಮ್ಮನ ಮಗಳು ಸಿಕ್ಕಳು. ತುಂಬಾ ಇಳಿದುಹೋಗಿದ್ದಳು. "ಅಯ್ಯೋ, ಎಷ್ಟು ಸಣ್ಣ ಆಗಿದ್ದೀಯೇ, ಸೂಪರ್!" ಅಂದೆ, ಎಲ್ಲರೆದುರು. ಅವಳು ನಕ್ಕಳು. ಆಗ ಅವಳ ಹೊಟ್ಟೆಯಲ್ಲಿದ್ದ ಮಗು ಹೋಗಿ ಎರಡು ತಿಂಗಳಾಗಿತ್ತಂತೆ, ಊಟ ಸೇರುತ್ತಿರಲಿಲ್ಲವಂತೆ. ನನಗೆ ಆಮೇಲೆ ತಿಳಿಯಿತು. ಅವಳು ಇವತ್ತಿಗೂ ಆ ಮಾತು ಎತ್ತಿಲ್ಲ. ನಾನೂ ಎತ್ತಿಲ್ಲ.

ಇವತ್ತು ಸಂಜೆ ಅವಳಿಗೆ ಫೋನ್ ಮಾಡುತ್ತೇನೆ.