ಹಿಂದೆ ಸೊಲ್ಲೆತ್ತೋರು ಯಾರು?

ಚಳ್ಳಕೆರೆ ಕಡೆಯ ಒಂದು ಗೊಲ್ಲರಹಟ್ಟಿ. ಅಜ್ಜಿ ಜಗಲಿ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದರು. ಮೊಬೈಲ್ ಆನ್ ಮಾಡಿ, "ಜುಂಜಪ್ಪನ ಪದ ಹೇಳಜ್ಜಿ" ಅಂದೆ. ಜುಂಜಪ್ಪ ಅಂದರೆ ದನ ಕುರಿ ಕಾಯುವ ಕಾಡುಗೊಲ್ಲರ ವೀರ, ದೈವ. ನಾಲ್ಕು ಸಾಲಿಗೇ ನಿಲ್ಲಿಸಿಬಿಟ್ಟರು.

"ಒಬ್ಳೇ ಹೆಂಗೆ ಹೇಳ್ಲಪ್ಪ? ಹಿಂದೆ ಸೊಲ್ಲೆತ್ತಾಕೆ ಯಾರಾನ ಬೇಡ್ವಾ?"

ವಯಸ್ಸಾಗಿದೆ, ಪದ ಮರೆತಿದ್ದಾರೆ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಎದ್ದು ಬಂದೆ. ಎಂಥ ತಪ್ಪು ಮಾಡಿದೆ ಅನ್ನೋದು ತಿಳಿಯಲು ವರ್ಷಗಳೇ ಹಿಡಿದವು.

ಹಿಮ್ಮೇಳದವರು ಸೊಲ್ಲೆತ್ತುವಷ್ಟರಲ್ಲಿ, ಅಂದರೆ ಹೇಳಿದ ಸಾಲನ್ನು ಎತ್ತಿಕೊಂಡು ಮತ್ತೆ ಹಾಡುವಷ್ಟರಲ್ಲಿ, ಪದ ಹೇಳುವವರಿಗೆ ಉಸಿರು ಸಿಗುತ್ತದೆ, ಮುಂದಿನ ಸಾಲು ನಾಲಿಗೆಗೆ ಬಂದು ನಿಲ್ಲುತ್ತದೆ. ಗಣೆಯದ್ದೂ ಇದೇ ಲೆಕ್ಕ. ಆ ಉದ್ದನೆಯ ಬಿದಿರಿನ ಕೊಳಲು ತುಟಿಯಿಂದ ಇಳಿದಾಗ ಪದ, ಪದ ನಿಂತಾಗ ಗಣೆ. ಶಿರಾ ಸೀಮೆಯ ಜುಂಜಪ್ಪನ ಗುಡ್ಡೆಯಿಂದ ನಮ್ಮ ದುರ್ಗದ ಹಟ್ಟಿಗಳ ತನಕ ಕಾಡುಗೊಲ್ಲರ ಕಥೆಗಳು ಬೆಳತನಕ ನಡೆಯುವುದು ಈ ಬಿಡುವಿನ ಬಲದಲ್ಲಿ. ಇಂಥ ಪದಗಳನ್ನು ಹಾಡುತ್ತಿದ್ದ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ಓದು ಬರಹ ಬಾರದ ಆ ಜೀವದ ನೆನಪಿನ ಶಕ್ತಿಗೆ ನಾವೆಲ್ಲ ಕೈ ಮುಗಿದೆವು. ಅವರ ಜೊತೆ ಸೊಲ್ಲೆತ್ತಿದ ಹೆಣ್ಣುಮಕ್ಕಳು ಯಾರು ಅಂತ ಎಷ್ಟು ಜನ ಕೇಳಿದ್ದೇವೆ?

ಬರೆದುಕೊಳ್ಳುವಾಗ ಮರುಸಾಲು ಬಿಟ್ಟುಬಿಡುತ್ತೇವೆ. ವೇದಿಕೆಯಲ್ಲಿ ಇನ್ನೂ ಕೆಟ್ಟದು. ದಾವಣಗೆರೆಯಲ್ಲಿ ಒಂದು ಕಾರ್ಯಕ್ರಮಕ್ಕೆ ಹೋದಾಗ, "ಅದೇ ಸಾಲು ಎರಡೆರಡು ಸಲ ಯಾಕೆ ಸಾರ್? ಐದು ನಿಮಿಷದಲ್ಲಿ ಮುಗಿಸಿ, ಹಿಂದೆ ಕೀಬೋರ್ಡ್ ಇದೆ" ಅಂದರು. ಒಪ್ಪಿಕೊಂಡೆ. ಚಪ್ಪಾಳೆಯೂ ಬಿತ್ತು. ಸಂಭಾವನೆ ಕವರ್ ಮುಂದೆ ನಿಂತು ಹಾಡಿದ ನನಗೊಬ್ಬನಿಗೇ. ಹಿಂದೆ ನಿಂತ ಇಬ್ಬರಿಗೆ ಊಟ, ಬಸ್‌ಚಾರ್ಜು. ಅದನ್ನು ಅಲ್ಲೇ ಕೇಳಬೇಕಿತ್ತು, ಕೇಳಲಿಲ್ಲ. ಈಗ ಸಮಪಾಲು ಇಲ್ಲದಿದ್ದರೆ ನಾನು ವೇದಿಕೆ ಹತ್ತುವುದಿಲ್ಲ.

ಜನಪದ ಹಾಡಬೇಕು ಅಂತ ಬರುವ ಹುಡುಗರಿಗೂ ಇದನ್ನೇ ಹೇಳುತ್ತೇನೆ. ಮೈಕ್ ಆಮೇಲೆ ಹಿಡಿಯಿರಿ, ಮೊದಲು ಒಂದು ವರ್ಷ ಯಾರದಾದರೂ ಹಿಂದೆ ಕೂತು ಸೊಲ್ಲೆತ್ತಿ. ಹಟ್ಟಿಗೆ ರೆಕಾರ್ಡಿಂಗ್‌ಗೆ ಹೋಗುವವರು ಒಬ್ಬೊಬ್ಬರೇ ಹೋಗಬೇಡಿ. ಪವರ್ ಬ್ಯಾಂಕ್ ಮರೆತರೂ ಪರವಾಗಿಲ್ಲ, ಜೊತೆಗೆ ದನಿ ಕೊಡುವವರು ಇರಲಿ.

ಮೊನ್ನೆ ಅದೇ ಅಜ್ಜಿಯ ಮನೆಗೆ ಹೋಗಿದ್ದೆ. ಈ ಸಲ ಅವರ ಸೊಸೆಯನ್ನೂ ಪಕ್ಕದಲ್ಲಿ ಕೂರಿಸಿಕೊಂಡೆ. ಮೊದಮೊದಲು ನಾಚಿಕೆಪಟ್ಟ ಆಯಮ್ಮ ಮೂರನೇ ಸಾಲಿಗೆ ದನಿ ಎತ್ತಿದರು. ಅಜ್ಜಿ ಮೊರ ಪಕ್ಕಕ್ಕೆ ಸರಿಸಿ ಕಣ್ಣು ಮುಚ್ಚಿದರು. ಮರೆತಿದ್ದಾರೆ ಅಂತ ನಾನು ಬರೆದಿಟ್ಟಿದ್ದ ಪದ ಒಂದೂವರೆ ಗಂಟೆ ಹರಿಯಿತು. ಸೊಸೆಗೆ ತಿಳಿಯದ ಕಡೆ ನಾನು ಸೊಲ್ಲೆತ್ತಿದೆ.