ಯಾವ ಧಾಟಿಗೆ ಹಾಡೋಣ?

ನಮ್ಮ ಪಕ್ಕದ ಮನೆಯ ಅಜ್ಜ ಹೋದ ವರ್ಷ ಫೆಬ್ರವರಿಯಲ್ಲಿ ತೀರಿಕೊಂಡರು. ಇಂಗ್ಲೆಂಡಿನ ಈ ಡರಮ್ ಊರಿಗೆ ಬಂದು ನಾವು ಮನೆ ಮಾಡಿದಾಗಿನಿಂದ, ವಾರಕ್ಕೊಮ್ಮೆ ತಮ್ಮ ಕಸದ ತೊಟ್ಟಿಯ ಜೊತೆಗೆ ನಮ್ಮದನ್ನೂ ರಸ್ತೆಯ ಬದಿಗೆ ಎಳೆದಿಡುತ್ತಿದ್ದವರು ಅವರು. ಹರೆಯದಲ್ಲಿ ಕಲ್ಲಿದ್ದಲ ಗಣಿಗೆ ಇಳಿದವರು. ಅಂತ್ಯಸಂಸ್ಕಾರದ ಪ್ರಾರ್ಥನೆಗೆ ‘ಲೀಡ್, ಕೈಂಡ್ಲಿ ಲೈಟ್’ ಹಾಡಬೇಕೆಂದು ಹಳೆಯ ಲಕೋಟೆಯೊಂದರ ಬೆನ್ನಿನ ಮೇಲೆ ಬರೆದಿಟ್ಟಿದ್ದರು. ಚರ್ಚಿನಲ್ಲಿ ಆರ್ಗನ್ ನುಡಿಸುವಾಕೆ ಮನೆಗೆ ಬಂದು, ಚಹಾ ಮುಗಿಸಿ, ಅಜ್ಜನ ಮಗಳನ್ನು ಕೇಳಿದಳು: “ಯಾವ ಧಾಟಿಗೆ?”

ನಾನು ಅಲ್ಲೇ ಕುಳಿತಿದ್ದೆ. ಈ ಪ್ರಶ್ನೆ ನನಗೆ ಅರ್ಥವಾಗುವುದಕ್ಕೆ ತುಸು ಹೊತ್ತು ಹಿಡಿಯಿತು. ಹಾಡು ಅಂದರೆ ಅದಕ್ಕೊಂದು ಧಾಟಿ ಇದ್ದೇ ಇರುತ್ತದಲ್ಲ, ಕೇಳುವುದೇನಿದೆ? ಇಲ್ಲಿ ಹಾಗಲ್ಲ. ಪದ್ಯ ಬೇರೆ, ಧಾಟಿ ಬೇರೆ, ಧಾಟಿಗೆ ತನ್ನದೇ ಒಂದು ಹೆಸರು. ಈ ಹಾಡಿಗೆ ‘ಲಕ್ಸ್ ಬೆನಿಗ್ನಾ’ ಇದೆ, ‘ಸ್ಯಾಂಡನ್’ ಇದೆ, ‘ಆಲ್ಬರ್ಟಾ’ ಇದೆ. ಎಷ್ಟೋ ಧಾಟಿಗಳಿಗೆ ಊರುಗಳ ಹೆಸರು. ಸ್ಯಾಂಡನ್ ಹೆಸರಿನ ಊರುಗಳೇ ಈ ದೇಶದಲ್ಲಿ ಎರಡು ಮೂರಿವೆ. ಆಲ್ಬರ್ಟಾ ಕೆನಡಾದ ಪ್ರಾಂತ್ಯ. ಆ ಧಾಟಿ ಹೊಳೆದದ್ದು ವಿಲಿಯಂ ಹ್ಯಾರಿಸ್ ಅಲ್ಲಿ ರೈಲಿನಲ್ಲಿ ಹೋಗುತ್ತಿದ್ದಾಗ ಎಂದು ಹೇಳುತ್ತಾರೆ. ಗೀತೆಗಳ ಪುಸ್ತಕದ ಕೊನೆಯಲ್ಲಿ ಛಂದಸ್ಸಿನ ಪಟ್ಟಿ ಇರುತ್ತದೆ. ನಮ್ಮ ಈ ಪದ್ಯ 10.4.10.4.10.10, ಅಂದರೆ ಸಾಲುಗಳ ಅಕ್ಷರಸಂಖ್ಯೆ. ಲೆಕ್ಕ ಸರಿಹೊಂದುವ ಯಾವ ಧಾಟಿಯನ್ನಾದರೂ ತಂದು ಪದ್ಯಕ್ಕೆ ಕೂರಿಸಬಹುದು.

ಆ ಪಟ್ಟಿ ನೋಡಿದಾಗ ನನಗೆ ನೆನಪಾದದ್ದು ಗಮಕ. ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ಯಾವ ರಾಗದಲ್ಲಿ ಓದಬೇಕೆಂದು ಯಾರೂ ಕಟ್ಟು ಮಾಡಿಲ್ಲ. ಗಮಕಿ ಸನ್ನಿವೇಶ ನೋಡಿಕೊಂಡು ಪದ್ಯದಿಂದ ಪದ್ಯಕ್ಕೆ ರಾಗ ಬದಲಿಸುತ್ತಾನೆ. ದಾಸರ ಪದಗಳ ಕಥೆಯೂ ಅದೇ. ಪುರಂದರದಾಸರು ತಾವು ಹೇಗೆ ಹಾಡುತ್ತಿದ್ದರೋ ಆ ಧಾಟಿಗಳು ಬಹುಮಟ್ಟಿಗೆ ಕಳೆದೇಹೋಗಿವೆ. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ವನ್ನು ಭೀಮಸೇನ ಜೋಶಿ ಹಾಡಿದಂತೆ ಕರ್ನಾಟಕ ಸಂಗೀತದವರು ಹಾಡುವುದಿಲ್ಲ, ಅದಕ್ಕಾಗಿ ಯಾರೂ ಮುನಿಸಿಕೊಂಡಿಲ್ಲ. ಇಷ್ಟು ಧಾರಾಳವಾಗಿದ್ದ ನಾವು ಭಾವಗೀತೆಯ ಕ್ಯಾಸೆಟ್ಟು ಬಂದಮೇಲೆ ಯಾಕೆ ಹೀಗಾದೆವೋ ತಿಳಿಯದು. ಇಲ್ಲಿನ ಕನ್ನಡದವರ ರಾಜ್ಯೋತ್ಸವದಲ್ಲಿ ಒಮ್ಮೆ ಹೆಸರಾಂತ ಭಾವಗೀತೆಯೊಂದನ್ನು ನನ್ನ ಸೋದರತ್ತೆ ಹಾಡುತ್ತಿದ್ದ ರೀತಿಯಲ್ಲಿ ಹಾಡಿದೆ. ವೇದಿಕೆಯಿಂದ ಇಳಿಯುವಷ್ಟರಲ್ಲಿ ಒಬ್ಬರು ಬಂದು, “ರಾಗ ತಪ್ಪಿತಲ್ಲ ಸಾರ್” ಎಂದರು. ಅತ್ತೆ ಅದನ್ನು ಹಾಡುತ್ತಿದ್ದದ್ದು ಆ ಕ್ಯಾಸೆಟ್ಟಿನ ಗಾಯಕ ಅದನ್ನು ಹಾಡುವುದಕ್ಕೂ ಎಷ್ಟೋ ಮೊದಲು. ಏನು ಹೇಳುವುದು, ನಕ್ಕು ಸುಮ್ಮನಾದೆ.

ನಾಡಗೀತೆಯ ರಾಮಾಯಣ ಎಲ್ಲರಿಗೂ ಗೊತ್ತಿದ್ದದ್ದೇ. ಕುವೆಂಪು ಅವರ ಕವಿತೆ 2004ರಲ್ಲಿ ನಾಡಗೀತೆಯಾಯಿತು. ಮೈಸೂರು ಅನಂತಸ್ವಾಮಿ ಧಾಟಿಯೋ ಸಿ. ಅಶ್ವತ್ಥ್ ಧಾಟಿಯೋ ಎಂಬ ಜಗ್ಗಾಟ ವರ್ಷಗಟ್ಟಲೆ ನಡೆದು, 2022ರಲ್ಲಿ ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು ಎಂದು ಸರ್ಕಾರ ಆದೇಶ ಹೊರಡಿಸಿತು. ಅದೂ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಎಲ್ಲರೂ ಎದ್ದು ನಿಂತು ಹಾಡುವ ಗೀತೆಗೆ ಒಂದೇ ಧಾಟಿ ಬೇಕು, ಒಪ್ಪೋಣ. ಆದರೆ ಮಿಕ್ಕ ಕವಿತೆಗಳಿಗೂ ಅದೇ ಕಟ್ಟುಪಾಡು ಹಾಕಿಕೊಂಡು ಕುಳಿತಿದ್ದೇವೆ.

ಇಂಗ್ಲಿಷರು ಸಾಧುಗಳೇನಲ್ಲ. ಧಾಟಿಗಳ ಹೆಸರಿನಲ್ಲಿ ಅವರೂ ಸಾಕಷ್ಟು ಕಾದಾಡಿದ್ದಾರೆ. 1906ರಲ್ಲಿ ‘ಇಂಗ್ಲಿಷ್ ಹಿಮ್ನಲ್’ ಎಂಬ ಚರ್ಚಿನ ಗೀತೆಗಳ ಪುಸ್ತಕಕ್ಕೆ ಸಂಗೀತ ಸಂಪಾದಿಸಿದ ವಾನ್ ವಿಲಿಯಮ್ಸ್, ವಿಕ್ಟೋರಿಯಾ ಕಾಲದ ಪಾಕದಂಥ ಕೆಲವು ಧಾಟಿಗಳನ್ನು ಪುಸ್ತಕದ ಬಾಲಕ್ಕೆ, ಅನುಬಂಧಕ್ಕೆ ತಳ್ಳಿಬಿಟ್ಟ. ಆದರೆ ತಳ್ಳಿದ್ದಷ್ಟೇ, ಕಿತ್ತೆಸೆಯಲಿಲ್ಲ. ಬೇಕಾದವರು ಹಾಳೆ ಮಗುಚಿ ಹಾಡಿಕೊಳ್ಳಲಿ ಎಂದು ಬಿಟ್ಟ.

ಪದ್ಯ ಬರೆದ ಜಾನ್ ಹೆನ್ರಿ ನ್ಯೂಮನ್‌ಗೆ ಇದನ್ನು ಜನ ಸೇರಿ ಹಾಡುತ್ತಾರೆಂಬ ಕಲ್ಪನೆ ಇದ್ದಂತಿಲ್ಲ. 1833ರ ಜೂನ್ 16. ಸಿಸಿಲಿಯಲ್ಲಿ ಜ್ವರ ಬಂದು ಸಾವಿನ ಬಾಗಿಲಿನ ತನಕ ಹೋಗಿಬಂದ 32ರ ಹರೆಯದ ಪಾದ್ರಿ, ಪಲೆರ್ಮೊದಿಂದ ಮಾರ್ಸೆಗೆ ಕಿತ್ತಳೆ ಹಣ್ಣು ಹೊತ್ತು ಹೊರಟ ಹಡಗಿನಲ್ಲಿದ್ದ. ಬೊನಿಫಾಚಿಯೊ ಜಲಸಂಧಿಯಲ್ಲಿ ಗಾಳಿ ಬಿದ್ದುಹೋಗಿ ಹಡಗು ನಿಂತಲ್ಲೇ ನಿಂತಿತ್ತು. ಮನೆ ಸೇರುವ ತವಕ, ಬರೆದ. ವಿಕ್ಟೋರಿಯಾ ಪಟ್ಟಕ್ಕೆ ಬರಲು ಇನ್ನೂ 4 ವರ್ಷ ಇತ್ತು, ಆದರೂ ಹಾಡು ಹರಡಿದ್ದು ಅವಳ ಕಾಲದಲ್ಲೇ. ಮುಂದೆ ನ್ಯೂಮನ್ ಕ್ಯಾಥೊಲಿಕ್ಕನಾಗಿ, ಕಾರ್ಡಿನಲ್ ಆಗಿ, 2019ರಲ್ಲಿ ಸಂತ ಪದವಿಯನ್ನೂ ಪಡೆದ. ಹಾಡು ಜನರ ಬಾಯಿಗೆ ಬಿದ್ದದ್ದು ತನ್ನ ಪದ್ಯದಿಂದಲ್ಲ, ಡೈಕ್ಸ್ ಹಾಕಿದ ಧಾಟಿಯಿಂದ ಎಂದು ಅವನೇ ಹೇಳಿದ್ದುಂಟು. ನಮ್ಮ ಕವಿಗಳಲ್ಲಿ ಎಷ್ಟು ಮಂದಿ ಹೀಗೆ ಹೇಳಿಯಾರು?

ಈ ಜಾನ್ ಬಕಸ್ ಡೈಕ್ಸ್ ನಮ್ಮೂರಿನವನೇ, ಸೇಂಟ್ ಆಸ್ವಾಲ್ಡ್ ಚರ್ಚಿನ ಪಾದ್ರಿ. ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯ ಗದ್ದಲದಲ್ಲಿ ನಡೆಯುತ್ತಿದ್ದಾಗ 1865ರಲ್ಲಿ ಅವನಿಗೆ ‘ಲಕ್ಸ್ ಬೆನಿಗ್ನಾ’ ಹೊಳೆಯಿತಂತೆ. ಅವನ ಸಮಾಧಿಗೆ ನಾನು ಹೋಗಿಬಂದಿದ್ದೇನೆ. ಚರ್ಚಿನ ಹೆಚ್ಚುವರಿ ಸ್ಮಶಾನವೆಂದು ಅವನೇ ಓಡಾಡಿ ಮಾಡಿಸಿದ ಜಾಗ ಅದು. ಈಗ ಮಕ್ಕಳ ಆಟದ ಬಯಲು. ಗುರುತು ಉಳಿದಿರುವ ಸಮಾಧಿ ಅದೊಂದೇ. ಕೆಂಪು ಜ್ವರದಿಂದ 10ನೆಯ ವಯಸ್ಸಿಗೇ ತೀರಿಕೊಂಡ ಮಗಳು ಮೇಬಲ್ ಕೂಡ ಅದರಲ್ಲೇ ಮಲಗಿದ್ದಾಳೆ. ಸುತ್ತಲೂ ಮಕ್ಕಳ ಕೂಗಾಟ. ಎಷ್ಟೋ ಸಾವಿನ ಮನೆಗಳಿಗೆ ಧಾಟಿ ಕೊಟ್ಟವನಿಗೆ ಇದಕ್ಕಿಂತ ಒಳ್ಳೆಯ ನೆರೆ ಸಿಕ್ಕಲಾರದು.

ಅಜ್ಜ ಈ ಹಾಡನ್ನೇ ಯಾಕೆ ಕೇಳಿದರೆಂದು ಊರಿನವರಿಗೆ ವಿವರಿಸಬೇಕಾಗಿರಲಿಲ್ಲ. ಇದೇ ಡರಮ್ ಜಿಲ್ಲೆಯ ವೆಸ್ಟ್ ಸ್ಟ್ಯಾನ್ಲಿ ಗಣಿಯಲ್ಲಿ 1909ರ ಫೆಬ್ರವರಿ 16ರಂದು ಸ್ಫೋಟವಾಗಿ 168 ಮಂದಿ ಗಂಡಸರೂ ಹುಡುಗರೂ ಸತ್ತರು. ಒಳಗೆ ಗಾಳಿ ಉಳಿದಿದ್ದ ಒಂದು ಮೂಲೆಯಲ್ಲಿ ಸಿಕ್ಕಿಕೊಂಡವರು ಕಗ್ಗತ್ತಲಲ್ಲಿ ಈ ಹಾಡನ್ನು ಗುನುಗತೊಡಗಿದರು. ಹಾಡು ಮುಗಿಯುವ ಮೊದಲೇ ಅವರ ನಡುವಿದ್ದ ಗಾಯಾಳು ಹುಡುಗನೊಬ್ಬ ಪ್ರಾಣ ಬಿಟ್ಟ. ಜೀವಸಹಿತ ಮೇಲೆ ಬಂದವರು 30 ಜನ. ಹಾಡಿನ ಮೊದಲ ಸಾಲಿನ ‘ಸುತ್ತ ಕವಿದ ಮಬ್ಬು’ ಅವರ ಪಾಲಿಗೆ ಅಲಂಕಾರವಾಗಿರಲಿಲ್ಲ.

ನಮ್ಮ ಬಿ.ಎಂ.ಶ್ರೀ. ಇದನ್ನು ‘ಕರುಣಾಳು, ಬಾ, ಬೆಳಕೆ’ ಎಂದು ಕನ್ನಡಕ್ಕೆ ತಂದರು. 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿದೆ. ಒಂದು ಸಂಜೆ ಮಗಳ ಕೀಬೋರ್ಡಿನಲ್ಲಿ ಡೈಕ್ಸ್‌ನ ಧಾಟಿ ನುಡಿಸುತ್ತಾ ಕನ್ನಡ ಮಾತು ಕೂರಿಸಲು ನೋಡಿದೆ. ಕೂರಲಿಲ್ಲ. ಇಂಗ್ಲಿಷಿನ ಮೊದಲ ಸಾಲಿಗೆ 10 ಅಕ್ಷರ. ಕನ್ನಡದ ‘ಕರುಣಾಳು ಬಾ ಬೆಳಕೆ ಮುಸುಕಿದೀ ಮಬ್ಬಿನಲಿ’ 16 ಅಕ್ಷರ. ‘ಮಬ್ಬಿನಲಿ’ ಬರುವ ಹೊತ್ತಿಗೆ ಧಾಟಿ ಮುಗಿದುಹೋಗಿ ನಾನು ಒಂಟಿಯಾಗಿ ನಿಂತಿರುತ್ತಿದ್ದೆ. ಬೆರಳು ಮಡಿಸಿ ಎಣಿಸಿದಾಗ ಗುಟ್ಟು ಸಿಕ್ಕಿತು: ಕರುಣಾಳು, ಐದು ಮಾತ್ರೆ, ಬಾ ಬೆಳಕೆ, ಐದು, ಮುಸುಕಿದೀ, ಐದು, ಮಬ್ಬಿನಲಿ, ಮತ್ತೆ ಐದು. ಮಂಗಳೂರಿನ ಕಡೆ ಬಾಸೆಲ್ ಮಿಶನ್ನಿನವರು ತಮ್ಮ ಯುರೋಪಿನ ಧಾಟಿಗಳಿಗೆ ಕನ್ನಡವನ್ನು ಒಗ್ಗಿಸಿಕೊಂಡು ಹಾಡಿಸಿದರು. ಶ್ರೀಯವರು ಧಾಟಿಯ ಗೊಡವೆಗೇ ಹೋಗದೆ, ಕನ್ನಡ ನಡೆಯುವ ಹೆಜ್ಜೆಯನ್ನು ಹಿಡಿದರು. ಆದ್ದರಿಂದಲೇ ಅದು ನಮ್ಮ ಶಾಲೆಗಳ ಬೆಳಗಿನ ಪ್ರಾರ್ಥನೆಯಾಯಿತು, ಮೂಲ ಇಂಗ್ಲಿಷಿನದೆಂಬುದು ಅದನ್ನು ಹಾಡುವ ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಅಜ್ಜನ ಮಗಳು ಸ್ಯಾಂಡನ್ ಬೇಕೆಂದಳು. ಡೈಕ್ಸ್‌ನದು ಕೇಳಿದರೆ ತನಗೆ ಅಳು ತಡೆಯದು ಎಂಬುದು ಅವಳ ಕಾರಣ. ಚರ್ಚಿನಲ್ಲಿ ಹಾಗೇ ಆಯಿತು. ಅಲ್ಲಿಂದ ಎಲ್ಲರೂ ಕ್ಲಬ್ಬಿಗೆ ಹೋದೆವು. ಸ್ಯಾಂಡ್‌ವಿಚ್ ಖಾಲಿಯಾಗಿ ಬಿಯರ್ ಎರಡನೆಯ ಸುತ್ತಿಗೆ ಬಂದಾಗ ಅಜ್ಜನ ಜೊತೆಯವರು ನಾಲ್ಕೈದು ಮಂದಿ ಮೂಲೆಯಲ್ಲಿ ಕುಳಿತು ಡೈಕ್ಸ್‌ನ ಧಾಟಿಯಲ್ಲಿ ಅದನ್ನೇ ಹಾಡಿದರು. ಮಗಳು ಅತ್ತಳು, ಆದರೆ ಬೇಡವೆನ್ನಲಿಲ್ಲ. ಹಾಡು ನಿಂತಮೇಲೆ ಅವರಲ್ಲೊಬ್ಬರು ನನ್ನ ಕಡೆ ತಿರುಗಿ, ನಿಮ್ಮ ಭಾಷೆಯಲ್ಲಿ ಇದು ಇದೆಯೇ ಎಂದು ಕೇಳಿದರು. ಮೇಜಿನ ಮೇಲೆ ಬೆರಳಿನಿಂದ ಐದೈದು ತಟ್ಟುತ್ತಾ, ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತು ಹಾಡುತ್ತಿದ್ದಂತೆಯೇ ಒಂದು ನುಡಿ ಹಾಡಿದೆ.

“ಇದು ಹೊಸದು, ನಾವು ಕೇಳಿಲ್ಲ. ಈ ಧಾಟಿಗೆ ಏನೆನ್ನುತ್ತೀರಿ?” ಎಂದರು.

ಅದಕ್ಕೆ ಹೆಸರೆಲ್ಲಿಂದ ತರಲಿ? ಮೇಷ್ಟ್ರು ಹೇಳಿಕೊಟ್ಟದ್ದು, ನಾವು ಹಾಡಿದ್ದು. ಅವರು ಲೋಟ ಹಿಡಿದುಕೊಂಡು ಕಾಯುತ್ತಿದ್ದರು. ಬಾಯಿಗೆ ಬಂದದ್ದು ನಮ್ಮ ಶಾಲೆ ಇದ್ದ ಊರು.

“ತುರುವೇಕೆರೆ” ಎಂದೆ.