ಹುಟ್ಟಿದಾಗಿನ ತೂಕ ಶಾಲೆಗೂ ಗೊತ್ತಿರಲಿ

ದಿನ ತುಂಬುವ ಮೊದಲೇ, ಒಂದು ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿ, ತಿಂಗಳುಗಟ್ಟಲೆ ಎನ್‌ಐಸಿಯುವಿನಲ್ಲಿದ್ದು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಉಳಿದುಕೊಂಡ ಮಕ್ಕಳು ಇಂದು ನಮ್ಮ ತರಗತಿಗಳಲ್ಲೂ ಇದ್ದಾರೆ. ಅವರಲ್ಲಿ ಹಲವರು ಚೆನ್ನಾಗಿ ಮಾತನಾಡುತ್ತಾರೆ, ಪಾಠವನ್ನು ತಡವರಿಸದೆ ಓದುತ್ತಾರೆ. ಆದರೆ ದಶಕ ತೆಗೆದುಕೊಂಡು ಕಳೆಯುವ ಲೆಕ್ಕ ಶುರುವಾದಾಗ, ಬೋರ್ಡಿನ ಮೇಲಿದ್ದದ್ದನ್ನು ನೋಡಿ ಬೇಗ ಬರೆದುಕೊಳ್ಳಬೇಕಾದಾಗ ಹಿಂದೆ ಬೀಳುತ್ತಾರೆ. ‘ಮಾತೆಲ್ಲ ಬರುತ್ತದೆ, ಲೆಕ್ಕಕ್ಕೆ ಮಾತ್ರ ಸೋಮಾರಿತನ’ ಎಂದು ನಾವು ಶಿಕ್ಷಕರು ಸುಲಭವಾಗಿ ಹೇಳಿಬಿಡುತ್ತೇವೆ. ಈ ಮಾತು ಆ ಮಕ್ಕಳಿಗೆ ಮಾಡುವ ಅನ್ಯಾಯ.

ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ 1995ರಲ್ಲಿ ಗರ್ಭಕ್ಕೆ 26 ವಾರ ತುಂಬುವ ಮೊದಲೇ ಹುಟ್ಟಿದ ಮಕ್ಕಳನ್ನು ಎಪಿಕ್ಯೂರ್ ಅಧ್ಯಯನ ವರ್ಷಗಟ್ಟಲೆ ಗಮನಿಸುತ್ತ ಬಂದಿದೆ. 11ನೆಯ ವಯಸ್ಸಿನಲ್ಲಿ ಪರೀಕ್ಷಿಸಿದಾಗ ಈ ಮಕ್ಕಳು ಸಹಪಾಠಿಗಳಿಗಿಂತ ಓದಿನಲ್ಲಿ ಸರಾಸರಿ 18 ಅಂಕ, ಗಣಿತದಲ್ಲಿ 27 ಅಂಕ ಹಿಂದಿದ್ದರು. ಗರ್ಭದ ಕೊನೆಯ ಮೂರು ತಿಂಗಳಲ್ಲಿ ಮಿದುಳು ಅತಿ ವೇಗವಾಗಿ ಬೆಳೆಯುತ್ತದೆ, ಅದರ ಭಾಗಗಳ ನಡುವಿನ ನರತಂತುಗಳ ಜೋಡಣೆ ನಡೆಯುತ್ತದೆ. ಇವರ ಪಾಲಿಗೆ ಆ ಬೆಳವಣಿಗೆ ನಡೆದದ್ದು ಉಸಿರಾಟದ ಏರುಪೇರು, ಸೋಂಕಿನ ಭಯ, ಯಂತ್ರಗಳ ಸದ್ದುಗಳ ನಡುವೆ. ಕೇಳಿದ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡೇ ಮೂರನೆಯದನ್ನು ಲೆಕ್ಕ ಹಾಕುವುದು, ಅಂಕಿಗಳನ್ನು ಅವುಗಳ ಸ್ಥಾನದಲ್ಲಿ ಗುರುತಿಸುವುದು, ಗಮನ ಚದುರದಂತೆ ನೋಡಿಕೊಳ್ಳುವುದು ಅವರಿಗೆ ಕಷ್ಟವಾಗುವುದರಲ್ಲಿ ಆಶ್ಚರ್ಯವಿಲ್ಲ. ಎಲ್ಲರಿಗೂ ಹೀಗಾಗುತ್ತದೆಂದಲ್ಲ, ಯಾವ ತೊಂದರೆಯೂ ಇಲ್ಲದೆ ಓದುವವರೂ ಇದ್ದಾರೆ.

ವಯಸ್ಸಿನ ವಿಷಯವನ್ನಂತೂ ಯಾರೂ ಯೋಚಿಸುವುದಿಲ್ಲ. ಆಗಸ್ಟ್ ಕೊನೆಯಲ್ಲಿ ಹುಟ್ಟಬೇಕಿದ್ದ ಮಗು ಮೇ ತಿಂಗಳಲ್ಲೇ ಹುಟ್ಟಿದರೆ, ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ಲೆಕ್ಕದಲ್ಲಿ ಅದು ಒಂದು ವರ್ಷ ಮೊದಲೇ ಒಂದನೆಯ ತರಗತಿಗೆ ಅರ್ಹವಾಗುತ್ತದೆ. ಮೊದಲ ಎರಡು ವರ್ಷ ಆ ಮಗುವಿನ ಬೆಳವಣಿಗೆಯನ್ನು ಹೆರಿಗೆಯ ನಿರೀಕ್ಷಿತ ದಿನಾಂಕದಿಂದಲೇ ಅಳೆಯುವ ವೈದ್ಯರ ಎಚ್ಚರ ಶಾಲೆಯ ಬಾಗಿಲಿಗೆ ಬರುವಷ್ಟರಲ್ಲಿ ಕಳೆದುಹೋಗಿರುತ್ತದೆ. ಅಂಥ ಮಗುವನ್ನು ಒಂದು ವರ್ಷ ತಡವಾಗಿ ಸೇರಿಸಬೇಕೆಂದು ತಂದೆ ತಾಯಿ ಕೇಳಿದರೆ, ಶಾಲೆ ಅದನ್ನು ಗೌರವಿಸಬೇಕು ಎಂಬುದು ನನ್ನ ಅಭಿಪ್ರಾಯ.

ಎಷ್ಟೋ ಪೋಷಕರು ಈ ಹಿನ್ನೆಲೆಯನ್ನು ಮುಚ್ಚಿಡುತ್ತಾರೆ. ಮಗುವಿಗೆ ‘ದಡ್ಡ’ ಎಂಬ ಹೆಸರು ಬಿದ್ದೀತೆಂಬ ಅವರ ಭಯ ಸುಳ್ಳಲ್ಲ, ಆ ಭಯವನ್ನು ಹುಟ್ಟಿಸಿದವರು ನಾವೇ. ತಾಯಂದಿರಂತೂ ತಮ್ಮಿಂದಲೇ ಹೀಗಾಯಿತೆಂದು ಒಳಗೊಳಗೇ ಕೊರಗುತ್ತಾರೆ; ಅವರಲ್ಲಿ ತಪ್ಪಿಲ್ಲ. ತಾಯಿ ಕಾರ್ಡಿನಲ್ಲಿರುವ ಹುಟ್ಟಿದ ತೂಕವನ್ನು, ಎಷ್ಟನೆಯ ವಾರದಲ್ಲಿ ಹೆರಿಗೆಯಾಯಿತೆಂಬುದನ್ನು ದಾಖಲಾತಿಯ ದಿನವೇ ಶಿಕ್ಷಕರಿಗೆ ತಿಳಿಸಿದರೆ, ಮಗು ಸೋಲುವವರೆಗೆ ಯಾರೂ ಕಾಯಬೇಕಾಗುವುದಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ (ಓದು, ಬರಹ, ಲೆಕ್ಕದಂಥ ನಿರ್ದಿಷ್ಟ ಕಲಿಕೆಯಲ್ಲಿನ ತೊಂದರೆ) ಸೇರಿದೆ. ಆದರೆ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ನಿಧಾನವಾಗಿರುವ ಮಗುವಿಗೆ ಆ ನ್ಯೂನತೆಯ ಪ್ರಮಾಣಪತ್ರ ಸಿಗದೆಯೂ ಹೋಗಬಹುದು. ಬರೆಯಲು ಹೆಚ್ಚು ಸಮಯ ಕೊಡುವುದಕ್ಕೆ, ಲೆಕ್ಕದ ಒಂದೊಂದು ಹಂತವನ್ನೂ ಬಿಡಿಸಿ ಹೇಳುವುದಕ್ಕೆ, ಚೌಕಳಿ ಹಾಳೆ ಕೊಡುವುದಕ್ಕೆ, ಮುಂದಿನ ಬೆಂಚಿನಲ್ಲಿ ಕೂರಿಸುವುದಕ್ಕೆ ಯಾವ ಪ್ರಮಾಣಪತ್ರವೂ ಬೇಕಿಲ್ಲ.